ಯಳಂದೂರಿನ ಕಲ್ಲಿನ ಬಳೆಗಳು

ಯಳಂದೂರಿಗೆ ಬಂದವರು ಗೌರೀಶ್ವರನ ಗುಡಿ ಎಲ್ಲಿ ಎಂದು ಕೇಳುವುದಕ್ಕಿಂತ ಬಳೆಮಂಟಪ ಎಲ್ಲಿ ಎಂದು ಕೇಳುವುದೇ ಹೆಚ್ಚು. ಗುಡಿಗಿಂತ ಅದರ ಬಾಗಿಲೇ ಹೆಸರಾದ ಊರು ಇದು.

ಗುಡಿ ಸುಮಾರು 500 ವರ್ಷ ಹಳೆಯದು. ವಿಜಯನಗರದ ಕೈಕೆಳಗೆ ಈ ಸೀಮೆಯನ್ನು ಆಳುತ್ತಿದ್ದ ಹದಿನಾಡಿನ ದೊರೆ ಸಿಂಗೆದೇಪ ದೇವಭೂಪಾಲ ಕಟ್ಟಿಸಿದ್ದು. ಮುಂದಿನ ಮಹಾದ್ವಾರವನ್ನು ಸೇರಿಸಿದವನು ಅದೇ ಮನೆತನದ ಮುದ್ದರಾಜ, 1654–55ರಲ್ಲಿ. ಹಂಪಿ ಹಾಳಾಗಿ ಆಗಲೇ ಸುಮಾರು 90 ವರ್ಷ ಕಳೆದಿತ್ತು, ಮಗ್ಗುಲಲ್ಲೇ ಮೈಸೂರು ಬೆಳೆಯುತ್ತಿತ್ತು. ಅಂಥ ಹೊತ್ತಿನಲ್ಲಿ ಒಂದು ಸಣ್ಣ ಪಾಳೆಯಪಟ್ಟು ತನ್ನ ವಂಶಾವಳಿಯನ್ನು ಶಾಸನದಲ್ಲಿ ಬರೆಸಿ, ಇಷ್ಟು ಬೆಡಗಿನ ಬಾಗಿಲನ್ನು ನಿಲ್ಲಿಸಿತು.

ಬಾಗಿಲೆಂದರೆ ಮುಗಿಲೆತ್ತರದ ಗೋಪುರವಲ್ಲ. ತಗ್ಗಾದ ಕಲ್ಲಿನ ಮಂಟಪ. ಸೂರಿನ ಮೂಲೆಯ ಕೆಳಗೆ ನಿಂತು ತಲೆಯೆತ್ತಿದರೆ ಕಲ್ಲಿನ ಬಳೆಗಳು ಒಂದರೊಳಗೊಂದು ಕೋದು ಸರಪಳಿಯಾಗಿ ಇಳಿಬಿದ್ದಿವೆ. ಎಲ್ಲಿಯೂ ಬೆಸುಗೆಯಿಲ್ಲ, ಏಕೆಂದರೆ ಬಿಡಿ ಬಳೆ ಮಾಡಿ ಆಮೇಲೆ ಪೋಣಿಸಿದ್ದಲ್ಲ. ಇಡೀ ಸರವೇ ಒಂದು ಕಲ್ಲು. ಕಂಚಿಯ ವರದರಾಜನ ಗುಡಿಯ ಮಂಟಪದಲ್ಲೂ ಇಂಥ ಸರಪಳಿಗಳಿವೆ.

ಈ ಕೆಲಸದ ಕ್ರಮ ತಿಳಿದರೆ ನೋಡುವ ಕಣ್ಣೇ ಬೇರೆಯಾಗುತ್ತದೆ. ಉದ್ದನೆಯ ಕಲ್ಲನ್ನು ಮೊದಲು ನಾಲ್ಕು ಏಣು ಬರುವಂತೆ, ಕೂಡಿಸುವ ಗುರುತಿನ ಆಕಾರಕ್ಕೆ ತರಬೇಕು. ಒಂದು ಬಳೆ ಅಡ್ಡ ಏಣಿನಲ್ಲಿ, ಮುಂದಿನದು ಉದ್ದ ಏಣಿನಲ್ಲಿ. ನಡುವಿನ ಕಲ್ಲನ್ನು ಚಾಣದಿಂದ ಚೂರುಚೂರಾಗಿ ಕೆತ್ತಿ ತೆಗೆಯುತ್ತ ಹೋದರೆ ಕೊನೆಗೊಮ್ಮೆ ಬಳೆ ಬಿಡುಗಡೆಯಾಗಿ ಅಲ್ಲಾಡುತ್ತದೆ. ಅಷ್ಟರಲ್ಲಿ ಒಂದು ಏಟು ಹೆಚ್ಚು ಬಿದ್ದರೆ ಅಂದಿನವರೆಗಿನ ಕೆಲಸವೆಲ್ಲ ಹೋಯಿತು. ಮುರಿದ ಬಳೆಯ ಜಾಗಕ್ಕೆ ಬೇರೊಂದನ್ನು ತೊಡಿಸಲು ಬಾರದು. ಹಾಗಾಗಿ ದಯವಿಟ್ಟು ಯಾರೂ ಆ ಸರಗಳನ್ನು ಹಿಡಿದು ಎಳೆಯಬಾರದು.

ಮಂಟಪದ ಶಿಲ್ಪಗಳಿಗೂ ಬಿಡುವು ಮಾಡಿಕೊಳ್ಳಬೇಕು. ಅಂಧಕಾಸುರನನ್ನು ಮರ್ದಿಸುವ ಶಿವ, ದಕ್ಷಿಣಾಮೂರ್ತಿ, ವೇಣುಗೋಪಾಲ, ವಾಲಿ-ಸುಗ್ರೀವರ ಕಾಳಗ, ನರಸಿಂಹ, ಆ ನರಸಿಂಹನನ್ನೇ ಅಡಗಿಸಿದನೆಂದು ಶೈವರು ಹೇಳುವ ಶರಭ. ಶಿವನ ಮನೆಯ ಹೊಸಿಲಲ್ಲಿ ಇವರೆಲ್ಲ ಒಟ್ಟಿಗಿದ್ದಾರೆ. ಈ ನೆರೆಹೊರೆ ನನಗೆ ಬಲು ಇಷ್ಟ.

ಊರಿಗೆ ಇನ್ನೊಂದು ಕಾಲದ ಗುರುತೂ ಇದೆ. 1807ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಯಳಂದೂರನ್ನು ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಕೊಟ್ಟರು. ಜಹಗೀರ್ದಾರರ ಬಂಗಲೆ ಈಗ ವಸ್ತುಸಂಗ್ರಹಾಲಯ. ಯಳಂದೂರು ಇಂದಿಗೂ ಅಂಗೈಯಗಲದ ತಾಲೂಕಾಗಿರುವುದಕ್ಕೆ ಆ ಜಹಗೀರಿನ ಎಲ್ಲೆಯೇ ಕಾರಣ.

ಆದರೆ ನನ್ನ ಮನಸ್ಸು ಮತ್ತೆ ಮತ್ತೆ ಹೋಗುವುದು ಸಂಚಿಯ ಹೊನ್ನಮ್ಮನ ಕಡೆಗೆ. ಯಳಂದೂರಿನ ಹೆಣ್ಣುಮಗಳು, ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ, ಇದೇ ಊರಿನ ಮಗಳಾದ ರಾಣಿ ದೇವಾಜಮ್ಮಣ್ಣಿಗೆ ಎಲೆಯಡಿಕೆಯ ಸಂಚಿ ಹಿಡಿಯುತ್ತಿದ್ದವಳು. ‘ಹದಿಬದೆಯ ಧರ್ಮ’ ಬರೆದು ಕನ್ನಡದ ಕವಿಯಾದಳು. ಚಿಕ್ಕದೇವರಾಜರು ಪಟ್ಟಕ್ಕೆ ಬಂದದ್ದು 1673ರಲ್ಲಿ. ಅಷ್ಟರಲ್ಲಿ ಈ ಬಾಗಿಲು ನಿಂತು 20 ವರ್ಷವಾಗುತ್ತ ಬಂದಿತ್ತು, ಕಲ್ಲಿನ ಬಳೆಗಳ ಮೇಲೆ ಉಳಿಯ ಗುರುತು ಇನ್ನೂ ಹೊಸದಾಗಿತ್ತು.