ಇಲಿ ಹಿಡಿಯೋ ಬೆಕ್ಕಿಗೂ ಡಾಕ್ಟರ ಚೀಟಿ ಬೇಕು

2011ರ ಮುಂಗಾರಿಗೆ ಅಂತ ನಾಲ್ಕು ಚೀಲ ಶೇಂಗಾ ಬೀಜ ತೆಗೆದಿಟ್ಟಿದ್ದೆ. ಮಳೆ ಬಂದ ಮಾರನೇ ದಿನ ಬಿಚ್ಚಿದರೆ ಎರಡು ಚೀಲದಲ್ಲಿ ಮೇಲೆ ಒಂದು ಗೇಣು ಕಾಯಿ, ಕೆಳಗೆಲ್ಲಾ ಸಿಪ್ಪೆ ಮತ್ತು ಇಲಿ ಹಿಕ್ಕೆ. ಸಾಲ ಮಾಡಿ ಬೀಜ ತಂದು ಬಿತ್ತಿದೆವು. ಅದಕ್ಕೆ ಎರಡು ತಿಂಗಳ ಮೊದಲು ನಮ್ಮ ಮನೆಯ ಗಂಡು ಬೆಕ್ಕು ಸತ್ತಿತ್ತು. ಸತ್ತಿತ್ತು ಅಂತ ಬರೆಯೋದು ಸುಲಭ. ನಿಜ ಹೇಳಬೇಕಂದ್ರೆ ಅದನ್ನು ಕೊಂದವನು ನಾನೇ.

ಆಗಿದ್ದು ಇಷ್ಟು. ಬೇರೆ ಗಂಡು ಬೆಕ್ಕಿನ ಜೊತೆ ಕಚ್ಚಾಡಿ ಕುತ್ತಿಗೆ ಹತ್ತಿರ ಕೀವು ಕಟ್ಟಿತ್ತು, ಮೈ ಕೆಂಡದಂಗೆ ಸುಡುತ್ತಿತ್ತು. ನಮಗೆ ಜ್ವರ ಬಂದರೆ ನುಂಗುವ ಪ್ಯಾರಾಸಿಟಮಾಲ್ ಮಾತ್ರೆ ಮನೆಯಲ್ಲಿತ್ತು. ಅರ್ಧ ಮುರಿದು ಪುಡಿ ಮಾಡಿ ಹಾಲಿನಲ್ಲಿ ಕುಡಿಸಿದೆ. ಸಂಜೆಗೆ ಮುಖ, ಮುಂಗಾಲು ಬಾತುಕೊಂಡವು, ಒಸಡು ಕಂದು ಬಣ್ಣಕ್ಕೆ ತಿರುಗಿತು, ಉಸಿರಿಗೆ ಒದ್ದಾಡತೊಡಗಿತು. ಬೆಳಗಾಗುವುದರೊಳಗೆ ಹೋಯಿತು.

ಆಮೇಲೆ ಎತ್ತಿಗೆ ಕಾಲು ನೋವಾಗಿ ತಾಲ್ಲೂಕಿನ ಪಶು ಆಸ್ಪತ್ರೆಗೆ ಹೋದಾಗ ಡಾಕ್ಟ್ರ ಮುಂದೆ ಈ ಮಾತು ತೆಗೆದೆ. "ಏನ್ ಕೊಟ್ಟಿದ್ರಿ ಯಜಮಾನ್ರೇ?" ಅಂದರು. ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. ಆ ಮಾತ್ರೆಯನ್ನು ಅರಗಿಸುವ ಶಕ್ತಿ ಬೆಕ್ಕಿನ ಲಿವರಿಗೆ ಇಲ್ಲವಂತೆ. ರಕ್ತಕ್ಕೆ ಉಸಿರಿನ ಗಾಳಿ ಹೊರುವುದಕ್ಕೇ ಆಗದಂಗೆ ಮಾಡಿಬಿಡುತ್ತದೆ, ಅದಕ್ಕೇ ಒಸಡು ಕಂದಾಗೋದು. ಒಂದೇ ಮಾತ್ರೆಗೂ ಬೆಕ್ಕು ಸಾಯಬಹುದು. ಕೊಟ್ಟ ಕೆಲವೇ ಗಂಟೆಯೊಳಗೆ ತಂದಿದ್ದರೆ ಅದಕ್ಕೆ ಔಷಧಿ ಇತ್ತು ಅಂದರು. "ಎತ್ತಿಗೆ ಕಾಲು ಕುಂಟಿದ್ರ ಇಷ್ಟು ದೂರ ಬರ್ತೀರಿ. ಬೆಕ್ಕಿಗೆ ಯಾಕ ಬರಲಿಲ್ಲ?" ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಬೆಕ್ಕಿಗೂ ಅಲ್ಲಿ ನೋಡುತ್ತಾರೆ ಅನ್ನೋದೇ ನನಗೆ ಗೊತ್ತಿರಲಿಲ್ಲ.

ನಮ್ಮದು ಸಂಡೂರು ಗುಡ್ಡದ ಸೆರಗಿನಲ್ಲಿ ಮಳೆ ನಂಬಿದ ಹೊಲ. ಜೋಳ, ಸಜ್ಜೆ, ಶೇಂಗಾ ಬಿಟ್ಟರೆ ಬೇರೆ ಗತಿ ಇಲ್ಲ. ಬೀಜ ಉಳಿದರೆ ಮಾತ್ರ ಬಿತ್ತನೆ, ಇಲಿ ಕಡಿಮೆ ಇದ್ದರೆ ಮಾತ್ರ ಬೀಜ. ಹಂಗಾಗಿ ಅದೇ ವರ್ಷ ಮತ್ತೆ ಬೆಕ್ಕು ಸಾಕಿದೆ. ಈ ಸಲ ಡಾಕ್ಟ್ರನ್ನು ಕೇಳಿ ಕೇಳಿ ಸಾಕಿದೆ.

ಮರಿ ತಂದದ್ದು ಕಂಪ್ಲಿಯ ಬೀಗರ ಮನೆಯಿಂದ. ಒಂದು ತಿಂಗಳಿಗೇ ತರಲು ಹೊರಟಿದ್ದೆ, ಡಾಕ್ಟ್ರು ತಡೆದರು. ಎಂಟು ವಾರ ತಾಯಿ ಹತ್ತಿರ ಇರಬೇಕು. ತಾಯಿ ಏಳು ಮನೆ ತಿರುಗಿಸುತ್ತದೆ ಅಂತೀವಲ್ಲ, ತಿರುಗಿಸಲಿ ಬಿಡಿ, ಅಷ್ಟರಲ್ಲಿ ಅದು ಬೇಟೆ ಕಲಿಸಿರುತ್ತದೆ.

ಹಾಲಿನ ವಿಷಯ ಕೇಳಿದ್ದಕ್ಕೆ ಡಾಕ್ಟ್ರು ನಕ್ಕರು. ಹಂಪಿ ಕಡೆಯವರಿಗೆಲ್ಲಾ ಗೊತ್ತಿರೋ ಕತೆ ಅದು: ಇಲಿ ಕಾಟಕ್ಕೆ ಕೃಷ್ಣದೇವರಾಯ ಮನೆಗೊಂದು ಬೆಕ್ಕು, ಅದರ ಹಾಲಿಗೆ ಒಂದು ಆಕಳು ಕೊಟ್ಟ. ತೆನಾಲಿ ರಾಮಕೃಷ್ಣ ಕುದಿಯೋ ಹಾಲಿಟ್ಟು ಬಾಯಿ ಸುಟ್ಟ, ಆಮೇಲೆ ಬೆಕ್ಕು ಹಾಲು ಕಂಡರೆ ಓಡುತ್ತಿತ್ತು. ಬಾಯಿ ಸುಟ್ಟಿದ್ದು ತಪ್ಪು, ಆದರೆ ಹಾಲು ಬಿಡಿಸಿದ್ದು ತಪ್ಪಲ್ಲ ಅಂತ ಡಾಕ್ಟ್ರ ಮಾತು. ಆಕಳ ಹಾಲು ಬಹಳಷ್ಟು ಬೆಕ್ಕಿಗೆ ಅರಗೋದಿಲ್ಲ. ಮರಿಗೆ ಉಚ್ಚಾಟ ಶುರುವಾದರೆ ಎರಡು ದಿನದಲ್ಲಿ ನೀರಿಂಗಿ ಸಾಯುತ್ತದೆ. ಬೆಕ್ಕು ಮಾಂಸ ತಿನ್ನೋ ಜಾತಿ. ಮಾಂಸದಲ್ಲಿರೋ ಟಾರಿನ್ ಅನ್ನೋ ಅಂಶ ಸಿಗದಿದ್ದರೆ ಕಣ್ಣು ಹೋಗುತ್ತದೆ, ಹೃದಯ ಸೋಲುತ್ತದೆ. ಬರೀ ರೊಟ್ಟಿ-ಹಾಲಿನಲ್ಲಿ ಬೆಕ್ಕು ಬದುಕಿದೆ ಅಂದರೆ ಅದು ಇಲಿ ತಿಂದು ಬದುಕಿದೆ ಅಂತ ಅರ್ಥ.

ಜಂತಿನ ಔಷಧಿ ಮರಿಗೆ ಮೂರನೇ ವಾರದಿಂದಲೇ ಬೇಕು. ಜಂತು ತಾಯಿ ಹಾಲಿನಿಂದಲೇ ಬರುತ್ತದೆ. ಎಂಟು ವಾರದ ತನಕ ಹದಿನೈದು ದಿನಕ್ಕೊಮ್ಮೆ, ಆರು ತಿಂಗಳ ತನಕ ತಿಂಗಳಿಗೊಮ್ಮೆ, ಇಲಿ ತಿನ್ನೋ ದೊಡ್ಡ ಬೆಕ್ಕಿಗೆ ಮೂರು ತಿಂಗಳಿಗೊಮ್ಮೆ. ಕುರಿಗೆ ಕುಡಿಸಿ ಮಿಕ್ಕಿದ್ದನ್ನು ಅಂದಾಜಿನ ಮೇಲೆ ಹಾಕಬ್ಯಾಡ್ರಿ. ತೂಕ ನೋಡಿ ಕೊಡೋದು ಅದು. ನಾನು ಕೈಚೀಲದಲ್ಲಿ ಕೂಡಿಸಿ ಕಿರಾಣಿ ಅಂಗಡಿ ತಕ್ಕಡಿಯಲ್ಲಿ ತೂಗಿಸುತ್ತೇನೆ. ಅಂಗಡಿಯವನು ಕಿಲೋಕ್ಕೆ ಎಷ್ಟು ಅಂತ ಇವತ್ತಿಗೂ ಚೇಷ್ಟೆ ಮಾಡುತ್ತಾನೆ.

ಲಸಿಕೆ ಎರಡು ಥರ. ಒಂದು, ಮರಿಗಳು ವಾಂತಿ ಮಾಡಿ ಮಾಡಿ ಎರಡು ಮೂರು ದಿನದಲ್ಲಿ ಸಾಯುತ್ತಾವಲ್ಲ, ಆ ರೋಗಕ್ಕೆ ಮತ್ತು ಮೂಗು-ಕಣ್ಣು ಸೋರುವ ಬೆಕ್ಕಿನ ನೆಗಡಿಗೆ. ಆರರಿಂದ ಎಂಟು ವಾರಕ್ಕೆ ಶುರು ಮಾಡಿ, ಮೂರು ನಾಲ್ಕು ವಾರಕ್ಕೊಮ್ಮೆ, ಹದಿನಾರು ವಾರದ ತನಕ. ಮತ್ತೆ ವರ್ಷಕ್ಕೆ ಒಂದು. ಇದನ್ನು ಚೀಟಿ ಬರೆಸಿಕೊಂಡು ಬಳ್ಳಾರಿಯಿಂದ ಐಸ್ ಡಬ್ಬಿಯಲ್ಲಿ ತಂದೆ, ಖರ್ಚು ಆಯ್ತು. ಒಂದು ಸಲ ಆ ರೋಗ ಹೊಕ್ಕ ಮನೆಯಲ್ಲಿ ವಿಷಾಣು ವರ್ಷಗಟ್ಟಲೆ ಇರುತ್ತದೆ. ಹಂಗಾಗಿ ಮರಿಗಳು ಸತ್ತ ಜಾಗಕ್ಕೆ ಲಸಿಕೆ ಇಲ್ಲದ ಹೊಸ ಮರಿ ತರಬಾರದು.

ಇನ್ನೊಂದು ರೇಬೀಸ್. ಹುಚ್ಚು ನಾಯಿಗೆ ಮಾತ್ರ ಅಂತ ನಾವು ತಿಳಿದೀವಿ, ಬೆಕ್ಕಿನಿಂದಲೂ ಬರುತ್ತದೆ. ಮೂರು ತಿಂಗಳಿಗೆ ಮೊದಲ ಸೂಜಿ, ಆಮೇಲೆ ವರ್ಷ ವರ್ಷ. ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ. ಆ ಹೊತ್ತಿಗೆ ಬಹಳ ಕಡೆ ಸರ್ಕಾರಿ ಪಶು ಆಸ್ಪತ್ರೆಗಳಲ್ಲಿ ಪುಕ್ಕಟೆ ಹಾಕುತ್ತಾರೆ, ವಿಚಾರಿಸಿ. ಹಂಪಿ ಹತ್ತಿರ ಚಹಾ ಅಂಗಡಿ ಇಟ್ಟಿರುವ ನನ್ನ ಅಳಿಯನಿಗೆ ಬೀದಿ ಬೆಕ್ಕು ಕಚ್ಚಿತ್ತು. ಬೆಕ್ಕು ತಾನೇ ಅಂತ ಅರಿಶಿನ ಮೆತ್ತಿಕೊಂಡು ಕುಂತಿದ್ದ. ನಾನೇ ಬೈದು ಹೊಸಪೇಟೆ ಸರ್ಕಾರಿ ದವಾಖಾನೆಗೆ ಕಳಿಸಿದೆ. ಕಚ್ಚಿದ ತಕ್ಷಣ ಹರಿಯೋ ನೀರಿನಲ್ಲಿ ಸಾಬೂನು ಹಚ್ಚಿ ಹದಿನೈದು ನಿಮಿಷ ತೊಳೆಯಬೇಕು, ಅವತ್ತೇ ಸೂಜಿ ಶುರುವಾಗಬೇಕು. ಆ ರೋಗ ಎದ್ದ ಮೇಲೆ ಉಳಿಸೋ ಔಷಧಿ ಯಾರ ಹತ್ತಿರವೂ ಇಲ್ಲ.

ನಮ್ಮದು ಹೆಣ್ಣು ಬೆಕ್ಕು. ಐದಾರು ತಿಂಗಳಿಗೇ ಬೆದೆಗೆ ಬರುತ್ತದೆ, ಎರಡು ತಿಂಗಳಿಗೆ ಈಯುತ್ತದೆ, ವರ್ಷಕ್ಕೆ ಮೂರು ಸೂಲು ಆದರೂ ಆಯಿತು. ಆ ಮರಿಗಳೆಲ್ಲಾ ಎಲ್ಲಿ ಹೋಗುತ್ತಾವೆ ಅಂತ ನಮಗೆಲ್ಲಾ ಗೊತ್ತು. ಗೋಣಿಚೀಲದಲ್ಲಿ ಕಟ್ಟಿ ಊರಾಚೆ ಬಿಟ್ಟು ಬರೋರು ನಾವೇ. ಬೆಕ್ಕು ಕೊಂದ ಪಾಪಕ್ಕೆ ಚಿನ್ನದ ಬೆಕ್ಕು ದಾನ ಕೊಡಬೇಕು ಅನ್ನೋರೂ ನಾವೇ. ಅದಕ್ಕಿಂತ ಆಪರೇಷನ್ ಅಗ್ಗ. ಎಲ್ಲಾ ಆಸ್ಪತ್ರೆಯಲ್ಲೂ ಇದಕ್ಕೆ ಅನುಕೂಲ ಇರೋದಿಲ್ಲ, ಮೊದಲೇ ಕೇಳಬೇಕು. 2021ರಲ್ಲಿ ಹೊಸಪೇಟೆ ವಿಜಯನಗರ ಜಿಲ್ಲೆಗೆ ಹೋಗಿ ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದ ಮೇಲೆ ನಮ್ಮ ಜನ ಯಾವ ಕಡೆ ಹೋಗಬೇಕು ಅಂತ ಅನುಮಾನಪಡುತ್ತಾರೆ. ಬೆಕ್ಕಿಗೆ ಜಿಲ್ಲೆ ಇಲ್ಲ, ಹತ್ತಿರ ಎಲ್ಲಿ ಮಾಡುತ್ತಾರೋ ಅಲ್ಲಿಗೆ ಹೋಗಿ. ನಾವು ಬಿದಿರಿನ ಬುಟ್ಟಿಗೆ ಹಳೇ ಸೀರೆ ಬಿಗಿದು ಬಸ್ಸಿನಲ್ಲಿ ಒಯ್ದೆವು. ಹತ್ತು ದಿನಕ್ಕೆ ಹೊಲಿಗೆ ಬಿಚ್ಚಿದರು. ಇಲಿ ಹಿಡಿಯೋದು ಬಿಡುತ್ತದೆ ಅಂತ ಓಣಿಯವರು ಹೆದರಿಸಿದ್ದರು. ಆಪರೇಷನ್ ಆದ ಹದಿನೆಂಟನೇ ದಿನ ಹೆಗ್ಗಣ ತಂದು ಹೊಸ್ತಿಲ ಮೇಲೆ ಹಾಕಿತ್ತು.

ಗಂಡು ಬೆಕ್ಕು ಇರೋರಿಗೆ ಒಂದು ಮಾತು. ಮತ್ತೆ ಮತ್ತೆ ಕೂತು ಮುಕ್ಕಿದರೂ ಉಚ್ಚೆ ಬರದಿದ್ದರೆ ಹೊಟ್ಟೆ ಕಟ್ಟಿದೆ ಅಂತ ಎಣ್ಣೆ ಕುಡಿಸಬ್ಯಾಡ್ರಿ. ಉಚ್ಚೆ ದಾರಿ ಮುಚ್ಚಿರುತ್ತದೆ. ಒಂದೆರಡು ದಿನದಲ್ಲಿ ಜೀವ ಹೋಗುತ್ತದೆ. ಅವತ್ತೇ ಒಯ್ಯಬೇಕು.

ನಡುವಯಸ್ಸಿನ ಬೆಕ್ಕನ್ನು ರೋಗಕ್ಕಿಂತ ಹೆಚ್ಚು ಕೊಲ್ಲೋರು ನಾವು. ದನದ ಉಣ್ಣೆಗೆ ಹಚ್ಚುವ ಔಷಧಿಯನ್ನು ಚಿಗಟಕ್ಕೆ ಅಂತ ಬೆಕ್ಕಿನ ಮೈಗೆ ಒರೆಸುತ್ತಾರೆ, ನಡುಗಿ ನಡುಗಿ ಸಾಯುತ್ತದೆ. ಇನ್ನು ಪಾಷಾಣ. ಕಂಪ್ಲಿ ಕಡೆ ಭತ್ತದ ಗದ್ದೆ ಬದುವಿಗೆ ಜಿಂಕ್ ಫಾಸ್ಫೈಡ್ ಇಡುತ್ತಾರೆ, ಅದು ಹೊಟ್ಟೆಯಲ್ಲಿ ವಿಷದ ಗಾಳಿಯಾಗುತ್ತದೆ. ಬ್ರೋಮಾಡಿಯೋಲೋನ್ ಬಿಲ್ಲೆ ತಿಂದ ಇಲಿ ತಕ್ಷಣ ಸಾಯೋದಿಲ್ಲ, ನಾಲ್ಕಾರು ದಿನ ಮಂಕಾಗಿ ಓಡಾಡುತ್ತದೆ. ಅಂಥಾ ಇಲಿ ಬೆಕ್ಕಿಗೆ ಸುಲಭದ ತುತ್ತು. ಹಿಡಿದು ಹಿಡಿದು ತಿಂದರೆ ಬೆಕ್ಕಿಗೂ ಒಳಗೇ ರಕ್ತ ಸೋರುತ್ತದೆ. ಬೆಕ್ಕಿಗೆ ಚೆಲ್ಲಾಟ ಇಲಿಗೆ ಪ್ರಾಣಸಂಕಟ ಅನ್ನೋ ಗಾದೆ ಇಲ್ಲಿ ತಿರುಗಾಮುರುಗಾ. ಬ್ರೋಮಾಡಿಯೋಲೋನಿಗೆ ವಿಟಮಿನ್ ಕೆ ಅನ್ನೋ ಮದ್ದು ಇದೆ, ಜಿಂಕ್ ಫಾಸ್ಫೈಡಿಗೆ ಅಂಥಾ ಮದ್ದಿಲ್ಲ. ಪಾಷಾಣ ಇಟ್ಟರೆ ಅಕ್ಕಪಕ್ಕದವರಿಗೆ ಹೇಳಿ, ಸತ್ತ ಇಲಿ ಹುಡುಕಿ ಹೂಳಿ. ಬೆಕ್ಕು ತಿಂದಿದೆ ಅನಿಸಿದರೆ ಹಾಲು, ಉಪ್ಪುನೀರು ಅಂತ ಹೊತ್ತು ಕಳೆಯದೆ ಪಾಷಾಣದ ಪೊಟ್ಟಣ ಸಮೇತ ಆಸ್ಪತ್ರೆಗೆ ನಡೆಯಿರಿ. ಯಾವ ವಿಷ ಅಂತ ಗೊತ್ತಾದರೆ ಅರ್ಧ ಕೆಲಸ ಆದಂಗೆ.

ನಮ್ಮ ಬೆಕ್ಕಿಗೆ ಈಗ ಹದಿನಾಲ್ಕು. ಬೆಕ್ಕಿನ ಮೊದಲೆರಡು ವರ್ಷ ನಮ್ಮ ಇಪ್ಪತ್ನಾಲ್ಕಕ್ಕೆ ಸಮ, ಆಮೇಲೆ ವರ್ಷಕ್ಕೆ ನಾಲ್ಕು ಅಂತ ಡಾಕ್ಟ್ರ ಲೆಕ್ಕ. ಎಪ್ಪತ್ತೆರಡಾಯಿತು, ನಮ್ಮ ಅವ್ವನ ವಯಸ್ಸು. ಇಬ್ಬರಿಗೂ ಹಲ್ಲಿಲ್ಲ. ಹೋದ ವರ್ಷದಿಂದ ಬೆಕ್ಕು ಸೊರಗುತ್ತಾ ಬಂತು, ದನದ ಬಾನಿ ಹತ್ತಿ ನೀರು ಕುಡಿಯುತ್ತಾ ನಿಲ್ಲುತ್ತಿತ್ತು. ವಯಸ್ಸಾಯ್ತು ಬಿಡು ಅಂದೆ. ಅವ್ವ ಬಿಡಲಿಲ್ಲ: "ನನಗ ವಯಸ್ಸಾಗೇತಿ ಅಂತ ನನ್ನೂ ಬಿಡ್ತೀಯೇನೋ?" ರಕ್ತ ಪರೀಕ್ಷೆ ಮಾಡಿಸಿದರೆ ಕಿಡ್ನಿ ಸೋತಿದೆ ಅಂತ ಬಂತು. ವಾಸಿ ಆಗೋದಲ್ಲ, ಆದರೆ ದಿನ ನೂಕಬಹುದು. ಮನೆಯಲ್ಲಿ ಮೂರು ಕಡೆ ನೀರು ಇಟ್ಟಿದ್ದೀವಿ, ತಿನ್ನೋದೆಲ್ಲಾ ಮೆತ್ತಗೆ, ನೀರು ಬೆರೆಸಿ.

ತಿನ್ನಿಸೋದೇ ಕಷ್ಟ ಆಗಿತ್ತು. ನಮ್ಮದು ಲಿಂಗವಂತರ ಮನೆ, ಮೊಟ್ಟೆ-ಮೀನು ಒಳಗೆ ಬರೋದಿಲ್ಲ. ಇಷ್ಟು ವರ್ಷ ತನ್ನ ಪಾಲು ತಾನೇ ಹಿಡಿದು ತಿಂದಿತ್ತು, ಈಗ ಕಾಲಿಗೆ ಆ ಓಟ ಇಲ್ಲ. ಹೊಸಪೇಟೆಗೆ ಹೋದವರ ಕೈಯಲ್ಲಿ ತುಂಗಭದ್ರಾ ಡ್ಯಾಮಿನ ಮೀನು ತರಿಸಿ, ಪಕ್ಕದ ಮನೆಯಾಕೆ ಕೈಯಲ್ಲಿ ಉಪ್ಪಿಲ್ಲದೆ ಬೇಯಿಸಿ, ಮುಳ್ಳು ತೆಗೆಸಿ, ದನದ ಕೊಟ್ಟಿಗೆಯಲ್ಲಿ ಹಾಕುತ್ತೀವಿ. ಎಷ್ಟು ಹಾಕಬೇಕು ಅಂತಾನೂ ಡಾಕ್ಟ್ರೇ ಹೇಳಿದ್ದಾರೆ. ಅವ್ವ ಮೂಗಿಗೆ ಸೆರಗು ಮುಚ್ಚಿಕೊಂಡು ಬಾಗಿಲಲ್ಲಿ ನಿಂತು ತಿಂತೋ ಇಲ್ಲೋ ಅಂತ ನೋಡುತ್ತಾಳೆ.

ತಿಂಗಳಿಗೊಮ್ಮೆ ತೂಕ ಮಾಡಿ ಕೊಟ್ಟಿಗೆ ಬಾಗಿಲಿಗೆ ಸೀಮೆಸುಣ್ಣದಲ್ಲಿ ಬರೆಯುತ್ತೇನೆ. ಹೋದ ತಿಂಗಳು 2 ಕಿಲೋ 400 ಗ್ರಾಂ ಇತ್ತು, ಈ ಸಲವೂ ಅಷ್ಟೇ ಇದೆ. ಅಮಾವಾಸ್ಯೆ ಕಳೆದ ಮೇಲೆ ಮತ್ತೆ ಕರಕೊಂಡು ಬರ್ರಿ ಅಂದಿದ್ದಾರೆ ಡಾಕ್ಟ್ರು.