ಅಪ್ಪ-ಅಮ್ಮ ಇರುವ ಅನಾಥರು

ವೀಕ್ಷಕರೇ, ಅನಾಥ ಮಗು ಅಂದ್ರೆ ಯಾರು? ಅಪ್ಪ-ಅಮ್ಮ ಇಬ್ಬರೂ ಇಲ್ಲದ ಮಗು. ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಹಾಗಾದ್ರೆ ಈ ಲೆಕ್ಕ ಕೇಳಿ.

ಕಾಂಬೋಡಿಯಾದಲ್ಲಿ 2005ರಲ್ಲಿ 154 ಅನಾಥಾಶ್ರಮಗಳಿದ್ದವು. 2010ರ ಹೊತ್ತಿಗೆ 269 ಆದವು. ಐದೇ ವರ್ಷದಲ್ಲಿ ಶೇಕಡಾ 75ರಷ್ಟು ಏರಿಕೆ! ಆ ಐದು ವರ್ಷ ಅಲ್ಲಿ ಯುದ್ಧ ನಡೆದಿತ್ತಾ? ಇಲ್ಲ. ಲಕ್ಷಾಂತರ ಜನರನ್ನು ಕೊಂದ ಪೋಲ್ ಪಾಟ್ ಆಡಳಿತ ಮುಗಿದಿದ್ದು 1979ರಲ್ಲಿ. ದೇಶ ಚೇತರಿಸಿಕೊಳ್ಳುತ್ತಿದ್ದ ಕಾಲದಲ್ಲಿ ಅನಾಥಾಶ್ರಮಗಳು ಯಾಕೆ ಹೆಚ್ಚಾದವು? ಯುನಿಸೆಫ್ ಜೊತೆ ಸೇರಿ ಅಲ್ಲಿನ ಸರ್ಕಾರ ಸಮೀಕ್ಷೆ ಮಾಡಿಸಿತು. 2011ರಲ್ಲಿ ವರದಿ ಬಂತು. ಆ ಆಶ್ರಮಗಳಲ್ಲಿದ್ದ ಪ್ರತಿ ನಾಲ್ಕು ಮಕ್ಕಳಲ್ಲಿ ಸುಮಾರು ಮೂವರಿಗೆ ಅಪ್ಪನೋ ಅಮ್ಮನೋ, ಒಬ್ಬರಾದರೂ ಬದುಕಿದ್ದರು.

ಅಂದ್ರೆ ಅಲ್ಲಿ ಹೆಚ್ಚಾಗಿದ್ದು ಅನಾಥರಲ್ಲ, ಅನಾಥರನ್ನು ನೋಡೋಕೆ ಬರುವವರು. ಅದರಲ್ಲೂ ವಿದೇಶಿ ಯುವಕ-ಯುವತಿಯರು. ಕೈಯಲ್ಲಿ ಚಾಕಲೇಟು, ಬೆನ್ನಿಗೆ ಬ್ಯಾಗು, ಮನಸ್ಸಿನಲ್ಲಿ ಬಡತನ ನಿವಾರಿಸಬೇಕು ಅನ್ನೋ ಆಸೆ. ಅವರ ಮನಸ್ಸು ಕೆಟ್ಟದ್ದಲ್ಲ. ಹಾಗಿದ್ರೆ ಕೆಟ್ಟಿದ್ದು ಎಲ್ಲಿ? ಇವತ್ತು ಅದನ್ನೇ ಸ್ವಲ್ಪ ಬಿಡಿಸಿ ನೋಡೋಣ.

ಬೇರೆ ದೇಶಕ್ಕೆ ಹೋಗಿ ಸೇವೆ ಮಾಡೋ ಪದ್ಧತಿಗೆ ನೂರು ವರ್ಷದ ಇತಿಹಾಸ ಇದೆ, ಅದು ಒಳ್ಳೆಯ ಇತಿಹಾಸವೇ. ಮೊದಲ ಮಹಾಯುದ್ಧ ಮುಗಿದ ಮೇಲೆ, 1920ರಲ್ಲಿ, ಸ್ವಿಟ್ಜರ್ಲೆಂಡಿನ ಪಿಯರ್ ಸೆರೆಸೋಲ್ ಅನ್ನೋ ಎಂಜಿನಿಯರ್ ಒಂದು ಸಣ್ಣ ತಂಡ ಕಟ್ಟಿಕೊಂಡು ಫ್ರಾನ್ಸಿಗೆ ಹೋದರು. ಹಾಳುಬಿದ್ದ ಒಂದು ಹಳ್ಳಿಯನ್ನು ಮತ್ತೆ ಕಟ್ಟೋ ಕೆಲಸ. ಆ ತಂಡದಲ್ಲಿ ಜರ್ಮನ್ನರೂ ಇದ್ದರು. ನಿನ್ನೆ ಗುಂಡು ಹಾರಿಸಿದ ದೇಶದವರು ಇವತ್ತು ಗುದ್ದಲಿ ಹಿಡಿದು ಬಂದಿದ್ದರು. ಇದೇ ಸೆರೆಸೋಲ್ 1934ರ ಭೂಕಂಪದ ನಂತರ ನಮ್ಮ ಬಿಹಾರಕ್ಕೂ ಬಂದು, ಕೆಲವೇ ಜನ ಜೊತೆಗಾರರೊಂದಿಗೆ ಹಳ್ಳಿ ಕಟ್ಟೋ ಕೆಲಸಕ್ಕೆ ನಿಂತರು.

ಆಮೇಲೆ 1961. ಅಮೆರಿಕದ ಅಧ್ಯಕ್ಷ ಜಾನ್ ಕೆನಡಿ ಪೀಸ್ ಕೋರ್ ಶುರು ಮಾಡಿದರು. ಇಲ್ಲಿ ಎರಡು ನಿಯಮ ಗಮನಿಸಿ. ಒಂದು, ಆ ದೇಶ ತಾನಾಗಿ ಕರೆದರೆ ಮಾತ್ರ ಹೋಗಬೇಕು. ಎರಡು, ಮೊದಲು ತರಬೇತಿ, ಸ್ಥಳೀಯ ಭಾಷೆಯ ಪಾಠ, ಆಮೇಲೆ ಎರಡು ವರ್ಷ ಅಲ್ಲೇ ವಾಸ. ಭಾರತಕ್ಕೂ 1961ರಿಂದ 1976ರವರೆಗೆ ಇವರು ಬಂದಿದ್ದರು. ಬಂದವರೆಲ್ಲ ಹುಡುಗರೇ ಏನಲ್ಲ. ಮುಂದೆ ಅಧ್ಯಕ್ಷರಾದ ಜಿಮ್ಮಿ ಕಾರ್ಟರ್ ಅವರ ತಾಯಿ ಲಿಲಿಯನ್ ಕಾರ್ಟರ್ 68ನೇ ವಯಸ್ಸಿನಲ್ಲಿ ಮುಂಬೈ ಹತ್ತಿರದ ವಿಕ್ರೋಲಿಗೆ ಬಂದು ಆರೋಗ್ಯ ಸೇವೆ ಮಾಡಿದರು. ಆಕೆ ತರಬೇತಿ ಪಡೆದ ನರ್ಸ್. ಕೈಯಲ್ಲಿ ಕಸುಬು ಇತ್ತು.

ಹತ್ತಿರದ ಉದಾಹರಣೆಗಳೂ ಇವೆ. ಬ್ರಿಟನ್ 2011ರಲ್ಲಿ 18ರಿಂದ 25 ವರ್ಷದವರಿಗಾಗಿ ಒಂದು ಯೋಜನೆ ತಂದಿತ್ತು. ಅದರಲ್ಲಿ ಬ್ರಿಟನ್ನಿನ ಹುಡುಗ ಒಬ್ಬನೇ ಕೆಲಸ ಮಾಡ್ತಿರಲಿಲ್ಲ. ಅದೇ ವಯಸ್ಸಿನ ಸ್ಥಳೀಯ ಹುಡುಗ ಜೊತೆಗಿರಬೇಕು, ಇಬ್ಬರೂ ಅದೇ ಊರಿನ ಒಂದು ಮನೆಯಲ್ಲಿ ಉಳೀಬೇಕು. ಯುರೋಪಿನಲ್ಲಿ 2016ರಲ್ಲಿ ಯುರೋಪಿಯನ್ ಸಾಲಿಡಾರಿಟಿ ಕೋರ್ ಬಂತು. 18ರಿಂದ 30 ವರ್ಷದವರು ಬೇರೆ ದೇಶಕ್ಕೆ ಹೋಗಿ 12 ತಿಂಗಳವರೆಗೂ ಕೆಲಸ ಮಾಡಬಹುದು. ನಿರಾಶ್ರಿತರ ಜೊತೆ, ಅಂಗವಿಕಲರ ಜೊತೆ, ಸಮಾಜ ಅಂಚಿಗೆ ತಳ್ಳಿದವರ ಜೊತೆ. ಪ್ರಯಾಣ, ಊಟ, ವಸತಿ, ವಿಮೆ, ಕೈಖರ್ಚು ಎಲ್ಲಾ ಯೋಜನೆಯದ್ದೇ. ಸ್ವಯಂಸೇವಕ ದುಡ್ಡು ಕಟ್ಟಬೇಕಾಗಿಲ್ಲ.

ಈ ಕೊನೆಯ ಮಾತನ್ನು ನೆನಪಿಟ್ಟುಕೊಳ್ಳಿ. ಗುಟ್ಟು ಅಲ್ಲೇ ಇದೆ.

ಸೇವೆ ಮಾಡಬೇಕು ಅನ್ನೋ ಯುವಕರ ಸಂಖ್ಯೆ ಹೆಚ್ಚಾಯ್ತು. ಅಗ್ಗದ ವಿಮಾನ ಬಂತು, ಇಂಟರ್ನೆಟ್ ಬಂತು. ಆಗ ಪ್ರವಾಸದ ಏಜೆನ್ಸಿಗಳು ಒಂದು ಹೊಸ ಸರಕು ಮಾರುಕಟ್ಟೆಗೆ ಬಿಟ್ಟವು. ಎರಡು ವಾರ ಪ್ರವಾಸ, ಅದರಲ್ಲಿ ನಾಲ್ಕು ದಿನ ಅನಾಥಾಶ್ರಮದಲ್ಲಿ ಸೇವೆ. ಇದಕ್ಕೆ ವಾಲಂಟೂರಿಸಂ ಅಂತ ಹೆಸರೂ ಹುಟ್ಟಿಕೊಳ್ತು. ಇಲ್ಲಿ ಸಂಬಳ ಪಡೆಯೋ ಕೆಲಸಗಾರ ಇಲ್ಲ, ದುಡ್ಡು ಕೊಡೋ ಗಿರಾಕಿ ಇದ್ದಾನೆ. ಗಿರಾಕಿ ಬಂದ ಮೇಲೆ ಸರಕು ಬೇಕಲ್ವಾ? ಸರಕು ಯಾರು ಗೊತ್ತಾ? ಮಗು.

ಲೆಕ್ಕ ಹೇಗೆ ನಡೆಯುತ್ತೆ ನೋಡಿ. ಪ್ರವಾಸಿಗರು ಬರೋ ಊರಿನಲ್ಲಿ ಒಬ್ಬ ಮನೆ ಬಾಡಿಗೆಗೆ ಹಿಡಿದು ಆಶ್ರಮದ ಬೋರ್ಡು ಹಾಕ್ತಾನೆ. ದೂರದ ಹಳ್ಳಿಗೆ ದಲ್ಲಾಳಿ ಹೋಗ್ತಾನೆ. ಬಡ ಅಪ್ಪ-ಅಮ್ಮನಿಗೆ, 'ಮಗೂನ ಕಳಿಸಿ, ಇಂಗ್ಲಿಷ್ ಓದಿಸ್ತೀವಿ, ಮೂರು ಹೊತ್ತು ಊಟ ಹಾಕ್ತೀವಿ' ಅಂತಾನೆ. ಬಡವರು ಮಗುವನ್ನು ಬಿಸಾಡಿದರು ಅಂತ ಯಾರೂ ಅನ್ನಬೇಡಿ. ಅವರು ಕಳಿಸೋದು ಹಾಸ್ಟೆಲ್ ಅಂತ ನಂಬಿ. ಮಗು ಮಾತ್ರ ಅಲ್ಲಿ ಅನಾಥ ಆಗುತ್ತೆ. ಕೆಲವು ಕಡೆಯಂತೂ ಮಕ್ಕಳನ್ನು ಬೇಕಂತಲೇ ಬಡಕಲಾಗಿ ಇಟ್ಟಿರುತ್ತಾರೆ. ಯಾಕಂದ್ರೆ ಮಗು ಗುಂಡುಗುಂಡಾಗಿದ್ರೆ ದಾನಿಯ ಕೈ ಜೇಬಿಗೆ ಹೋಗಲ್ಲ.

ಇದು ಕಾಂಬೋಡಿಯಾದ್ದು ಮಾತ್ರ ಅಂದುಕೊಳ್ಳಬೇಡಿ. ಪಕ್ಕದ ನೇಪಾಳಕ್ಕೆ ಬನ್ನಿ. 2004ರಲ್ಲಿ ಕಾನರ್ ಗ್ರೆನನ್ ಅನ್ನೋ ಅಮೆರಿಕನ್ ಯುವಕ ವಿಶ್ವ ಪರ್ಯಟನೆಗೆ ಹೊರಟವನು ಕಠ್ಮಂಡು ಹತ್ತಿರದ ಗೋದಾವರಿಯ ಒಂದು ಮಕ್ಕಳ ಮನೆಯಲ್ಲಿ ಸ್ವಯಂಸೇವಕನಾಗಿ ಸೇರಿದ. ಎಲ್ಲರೂ ಅನಾಥ ಮಕ್ಕಳು ಅಂತಲೇ ನಂಬಿದ್ದ. ಅಲ್ಲಿದ್ದ ಇಬ್ಬರು ಹುಡುಗರ ತಾಯಿ ಬದುಕಿದ್ದಾಳೆ ಅನ್ನೋದು ಆಮೇಲೆ ಗೊತ್ತಾಯ್ತು. ಕೆದಕುತ್ತಾ ಹೋದಾಗ ಪೂರ್ತಿ ಕಥೆ ಹೊರಬಿತ್ತು. ಆ ಮಕ್ಕಳು ಹುಮ್ಲಾ ಅನ್ನೋ ಗುಡ್ಡಗಾಡು ಜಿಲ್ಲೆಯವರು. ಆಗ ಅಲ್ಲಿ ಮಾವೋವಾದಿಗಳ ಅಂತರ್ಯುದ್ಧ. ಮಕ್ಕಳನ್ನು ಎಲ್ಲಿ ಬಂದೂಕು ಹಿಡಿಯೋಕೆ ಎಳೆದೊಯ್ತಾರೋ ಅನ್ನೋ ಭಯ. ಸುರಕ್ಷಿತವಾಗಿ ನೋಡಿಕೊಳ್ತೀವಿ, ಓದಿಸ್ತೀವಿ ಅಂತ ಕಳ್ಳಸಾಗಣೆದಾರರು ಮಕ್ಕಳನ್ನು ಕರೆತಂದಿದ್ದರು. ಅದಕ್ಕೆ ಅಪ್ಪ-ಅಮ್ಮನೇ ದುಡ್ಡು ಕೊಟ್ಟಿದ್ದರು!

ಗ್ರೆನನ್ ಆಮೇಲೆ ಮಾಡಿದ ಕೆಲಸವೇ ನಿಜವಾದ ಸೇವೆ. ಮಕ್ಕಳ ಫೋಟೋ ಹಿಡಿದು, ರಸ್ತೆಯೇ ಇಲ್ಲದ ಹುಮ್ಲಾದ ಹಳ್ಳಿಹಳ್ಳಿ ನಡೆದು ಅವರ ಮನೆಗಳನ್ನು ಹುಡುಕಿದ. 2006ರಲ್ಲಿ ನೆಕ್ಸ್ಟ್ ಜನರೇಷನ್ ನೇಪಾಲ್ ಅನ್ನೋ ಸಂಸ್ಥೆ ಕಟ್ಟಿದ. ಅದರ ಕೆಲಸ ಹೊಸ ಆಶ್ರಮ ಕಟ್ಟೋದಲ್ಲ, ಆಶ್ರಮದಲ್ಲಿರೋ ಮಗುವನ್ನು ಮನೆ ಸೇರಿಸೋದು.

ಇಲ್ಲೊಂದು ವಿಪರ್ಯಾಸ ಇದೆ. ಸಮಾಜದಿಂದ ದೂರ ಉಳಿದವರನ್ನು ಹತ್ತಿರ ತರ್ತೀವಿ ಅಂತ ಹೊರಟವರು, ಮನೆಯಲ್ಲಿದ್ದ ಮಗುವನ್ನೇ ಮನೆಯಿಂದ, ಊರಿನಿಂದ, ತಾಯಿ ಆಡೋ ಮಾತಿನಿಂದ ದೂರ ಮಾಡೋಕೆ ಕಾರಣರಾದರು. ತಮಗೆ ಗೊತ್ತೇ ಇಲ್ಲದೆ. ಮಗುವಿನ ಕಡೆಯಿಂದಲೂ ಒಂದು ಸಲ ಯೋಚನೆ ಮಾಡಿ. ಒಬ್ಬ ಅಕ್ಕ ಬರ್ತಾಳೆ, ಎತ್ತಿಕೊಳ್ತಾಳೆ, ಎರಡು ವಾರಕ್ಕೆ ಹೊರಟುಹೋಗ್ತಾಳೆ. ಇನ್ನೊಬ್ಬಳು ಬರ್ತಾಳೆ. ಅವಳೂ ಹೋಗ್ತಾಳೆ. ವರ್ಷಕ್ಕೆ ಎಷ್ಟು ಸಲ ಆ ಮಗು ಅಮ್ಮನನ್ನು ಕಳೆದುಕೊಳ್ಳಬೇಕು?

ಜಗತ್ತು ತಡವಾಗಿಯಾದರೂ ಎಚ್ಚೆತ್ತುಕೊಂಡಿದೆ. 2011ರಲ್ಲಿ ಕಾಂಬೋಡಿಯಾದಲ್ಲಿ ಫ್ರೆಂಡ್ಸ್ ಇಂಟರ್‌ನ್ಯಾಷನಲ್ ಅನ್ನೋ ಸಂಸ್ಥೆ, ಮಕ್ಕಳು ಪ್ರವಾಸಿ ತಾಣಗಳಲ್ಲ ಅಂತ ಪೋಸ್ಟರ್ ಹಾಕಿತು. ಆಶ್ರಮಗಳಲ್ಲಿರೋ ಶೇಕಡಾ 30ರಷ್ಟು ಮಕ್ಕಳನ್ನು 2018ರೊಳಗೆ ಕುಟುಂಬಕ್ಕೆ ಸೇರಿಸೋ ಗುರಿಯನ್ನು ಅಲ್ಲಿನ ಸರ್ಕಾರ ಹಾಕಿಕೊಂಡಿತು. ಆಸ್ಟ್ರೇಲಿಯಾದ ಸಂಸದೀಯ ಸಮಿತಿ 2017ರಲ್ಲಿ ಈ ಅನಾಥಾಶ್ರಮ ದಂಧೆಯನ್ನು ಆಧುನಿಕ ಗುಲಾಮಗಿರಿಯ ಜೊತೆ ಸೇರಿಸಿ ಚರ್ಚಿಸಿತು. 2019ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆಯೂ ತನ್ನ ನಿರ್ಣಯದಲ್ಲಿ ಅನಾಥಾಶ್ರಮದ ಸ್ವಯಂಸೇವೆಯಿಂದಾಗೋ ಹಾನಿಯನ್ನು ಪ್ರಸ್ತಾಪ ಮಾಡಿತು.

ಇದೆಲ್ಲಾ ನಮಗ್ಯಾಕೆ ಅಂತೀರಾ? ಹುಟ್ಟುಹಬ್ಬಕ್ಕೆ ಅನಾಥಾಶ್ರಮಕ್ಕೆ ಹೋಗಿ ಕೇಕ್ ಕತ್ತರಿಸಿ, ಮಕ್ಕಳಿಗೆ ಊಟ ಬಡಿಸಿ, ಫೋಟೋ ಸ್ಟೇಟಸ್‌ಗೆ ಹಾಕೋರು ನಮ್ಮಲ್ಲಿ ಕಡಿಮೆ ಇದ್ದಾರಾ? ಎಲ್ಲಾ ಆಶ್ರಮಗಳೂ ದಂಧೆ ಅಂತ ನಾನು ಹೇಳ್ತಿಲ್ಲ. ಪ್ರಾಮಾಣಿಕವಾಗಿ ನಡೆಸುವವರಿಗೆ ಕೈಮುಗಿಯೋಣ. ಆದ್ರೆ ನಮ್ಮ 2015ರ ಬಾಲನ್ಯಾಯ ಕಾಯ್ದೆಯೇ, ಮಗುವನ್ನು ಸಂಸ್ಥೆಯಲ್ಲಿಡೋದು ಕಟ್ಟಕಡೆಯ ದಾರಿ ಆಗಬೇಕು ಅನ್ನುತ್ತೆ. ಮಕ್ಕಳ ಪಾಲನಾ ಸಂಸ್ಥೆಗಳು ನೋಂದಣಿ ಮಾಡಿಸಲೇಬೇಕು ಅನ್ನುತ್ತೆ. ಕೇಕ್ ಒಯ್ಯೋ ಮುಂಚೆ ಆ ನೋಂದಣಿ ಇದೆಯಾ ಅಂತ ಕೇಳಿದ್ದೀವಾ?

ನಿಮ್ಮ ಮನೆಯ ಮಗನೋ ಮಗಳೋ ವಿದೇಶಕ್ಕೆ ಹೋಗಿ ಸೇವೆ ಮಾಡ್ತೀನಿ ಅಂದ್ರೆ ಬೇಡ ಅನ್ನಬೇಡಿ. ಸಂತೋಷ ಪಡಿ. ಆದ್ರೆ ನಾಲ್ಕು ಪ್ರಶ್ನೆ ಕೇಳಿ. ನಿನ್ನನ್ನು ಕರೆದಿದ್ದು ಆ ಊರಿನವರಾ, ಇಲ್ಲಾ ಏಜೆನ್ಸಿಯವರಾ? ನೀನು ಕಟ್ಟೋ ದುಡ್ಡಲ್ಲಿ ಎಷ್ಟು ಆ ಊರಿಗೆ ಹೋಗುತ್ತೆ? ನಿನಗೆ ಬರೋ ಯಾವ ಕೆಲಸ ಅಲ್ಲಿನವರಿಗೆ ಬರಲ್ಲ? ಕೊನೆಯದು, ಮಕ್ಕಳ ಜೊತೆ ಕೆಲಸ ಅಂದ್ರೆ, ನಿನ್ನ ಹಿನ್ನೆಲೆಯನ್ನು ಅವರು ವಿಚಾರಿಸಿದ್ರಾ? ನಮ್ಮ ಮಗು ಓದೋ ಶಾಲೆಗೆ ಗುರುತುಪರಿಚಯ ಇಲ್ಲದವನೊಬ್ಬ ಬಂದು ಎರಡು ದಿನ ಪಾಠ ಮಾಡಿ ಹೋಗ್ತೀನಿ ಅಂದ್ರೆ ನಾವು ಬಿಡ್ತೀವಾ? ನಮ್ಮ ಮಗುವಿಗೆ ಬೇಡದ್ದು ಬಡವರ ಮಗುವಿಗೆ ಹೇಗೆ ಸೇವೆ ಆಗುತ್ತೆ?

ಈ ನಾಲ್ಕಕ್ಕೂ ಸರಿಯಾದ ಉತ್ತರ ಇದ್ರೆ ಧಾರಾಳವಾಗಿ ಕಳಿಸಿ. ಇಲ್ಲ ಅಂದ್ರೆ ಆ ದುಡ್ಡು ಬಡ ಅಪ್ಪ-ಅಮ್ಮನಿಗೆ ಮಗುವನ್ನು ಮನೆಯಲ್ಲೇ ಸಾಕೋಕೆ ನೆರವಾಗೋ ಸಂಸ್ಥೆಗೆ ಹೋಗಲಿ. ಒಂದು ಮಗು ಅನಾಥ ಆಗೋದು ತಪ್ಪುತ್ತೆ.