ನಿಮಗಿದು ಗೊತ್ತೇ? ಚೀನಾದ ಸಣ್ಣ ಟ್ರ್ಯಾಕ್ಟರೂ ಅದನ್ನು ಮಾರುವ ಡೀಲರೂ

● ಜಿನ್ಮಾ 254, ಫೋಟಾನ್ 254, ಡಾಂಗ್‌ಫೆಂಗ್ 254. ಕಂಪನಿ ಮೂರಾದರೂ ಅಂಕಿ ಒಂದೇ. ಮೊದಲೆರಡು ಅಂಕಿ ಅಶ್ವಶಕ್ತಿಯನ್ನು ಹೇಳುತ್ತವೆ. ಕೊನೆಗೆ 4 ಇದ್ದರೆ ಫೋರ್ ವೀಲ್ ಡ್ರೈವ್, 0 ಇದ್ದರೆ ಎಳೆತವೆಲ್ಲ ಹಿಂದಿನ ಎರಡು ಚಕ್ರಕ್ಕೆ ಮಾತ್ರ. ಹಾಗಾಗಿ 284 ಎಂದರೆ 28 ಎಚ್‌ಪಿ, ನಾಲ್ಕೂ ಚಕ್ರ ಎಳೆಯುವ ಗಾಡಿ.

● ಎಂಜಿನ್ನಿನ ಹೆಸರನ್ನೂ ಹೀಗೇ ಓದಬಹುದು. ವೈ385 ಎಂದರೆ 3 ಸಿಲಿಂಡರ್, ಒಂದೊಂದರ ಒಳವ್ಯಾಸ 85 ಮಿ.ಮೀ. ಟಿವೈ295 ಎಂದರೆ 2 ಸಿಲಿಂಡರ್, 95 ಮಿ.ಮೀ. ಎಸ್195 ಒಂದೇ ಸಿಲಿಂಡರಿನದು. ಜಿನ್ಮಾದ ಒಂದೇ ಮಾದರಿಯಲ್ಲಿ ಒಮ್ಮೆ ಯಾಂಗ್‌ಡಾಂಗ್ ಎಂಜಿನ್ ಇದ್ದರೆ ಇನ್ನೊಮ್ಮೆ ಲೈಡಾಂಗ್ ಇರುತ್ತದೆ. ಬಿಡಿಭಾಗ ಕೇಳಲು ಹೋದಾಗ ಟ್ರ್ಯಾಕ್ಟರಿನ ಹೆಸರಷ್ಟೇ ಹೇಳಿದರೆ ಸಾಲದು, ಎಂಜಿನ್ ಮೇಲಿನ ಫಲಕವನ್ನೂ ಬರೆದುಕೊಂಡು ಹೋಗಬೇಕು. ಫೋನಿನಲ್ಲಿ ಆ ಅಂಕಿಯನ್ನು ತಾನಾಗಿ ಕೇಳುವ ಡೀಲರ್‌ಗೆ ಕೆಲಸ ಗೊತ್ತು ಎಂದೇ ಅರ್ಥ.

● ಚೀನಾದ ಮೊದಲ ಟ್ರ್ಯಾಕ್ಟರ್ ಕಾರ್ಖಾನೆ ಹೆನಾನ್ ಪ್ರಾಂತ್ಯದ ಲುವೊಯಾಂಗಿನಲ್ಲಿದೆ. ಸೋವಿಯತ್ ನೆರವಿನಿಂದ ಕಟ್ಟಿದ ಆ ಕಾರ್ಖಾನೆಯಿಂದ 1958ರಲ್ಲಿ ‘ಡಾಂಗ್‌ಫಾಂಗ್‌ಹಾಂಗ್’ ಟ್ರ್ಯಾಕ್ಟರ್ ಹೊರಬಂತು.

● ಅಮೆರಿಕದಲ್ಲಿ ಅತಿ ಹೆಚ್ಚು ಹೆಸರು ಕೇಳಿಬಂದ ಚೀನೀ ಸಣ್ಣ ಟ್ರ್ಯಾಕ್ಟರ್ ಜಿನ್ಮಾ. ಅದು ತಯಾರಾಗುತ್ತಿದ್ದುದು ಜಿಯಾಂಗ್ಸು ಪ್ರಾಂತ್ಯದ ಯಾಂಚೆಂಗಿನಲ್ಲಿ. ಆ ಕಾರ್ಖಾನೆಗೂ ಭಾರತಕ್ಕೂ ನಂಟಿತ್ತು! 2008ರಲ್ಲಿ ನಮ್ಮ ಮಹೀಂದ್ರ ಕಂಪನಿ ಆ ಕಾರ್ಖಾನೆಯ ಒಡೆಯರಾದ ಯುಯೆಡಾ ಸಮೂಹದೊಂದಿಗೆ ಕೈಜೋಡಿಸಿ 51% ಪಾಲು ಪಡೆಯಲು ಒಪ್ಪಂದ ಮಾಡಿಕೊಂಡಿತು. 2017ರಲ್ಲಿ ಆ ಪಾಲನ್ನು ಮಾರಿ ಹೊರಬರುವ ನಿರ್ಧಾರ ಪ್ರಕಟಿಸಿತು.

● ಜಿನ್ಮಾ ಟ್ರ್ಯಾಕ್ಟರನ್ನೇ ಆಮದುದಾರರು ತಮ್ಮ ತಮ್ಮ ಹೆಸರು ಅಂಟಿಸಿ ಮಾರಿದ್ದೂ ಉಂಟು. ‘ನಾರ್‌ಟ್ರ್ಯಾಕ್’ ಅಂಥದೊಂದು ಹೆಸರು. ಆಮದುದಾರ ಅಂಗಡಿ ಮುಚ್ಚಿದರೆ ಆ ಹೆಸರಿನ ವಾರಂಟಿ ಅಲ್ಲಿಗೇ ಮುಗಿಯಿತು. ಆದರೆ ಒಳಗಿನ ಯಂತ್ರ ಯಾವ ಕಾರ್ಖಾನೆಯದು ಎಂದು ಬಲ್ಲವರಿಗೆ ಬಿಡಿಭಾಗ ಬೇರೆ ಕಡೆಯಿಂದಲೂ ಸಿಗುತ್ತದೆ. ಬಣ್ಣ ನೋಡಿ ಕೊಂಡವರಿಗೆ ಇದು ತಿಳಿಯುವುದು ಗಾಡಿ ಕೆಟ್ಟು ನಿಂತ ಮೇಲೆಯೇ. ಈ ವಿಷಯದಲ್ಲಿ ನನಗೆ ರೈತರ ಬಗ್ಗೆ ನಿಜಕ್ಕೂ ಸಂಕಟವಿದೆ, ಏಕೆಂದರೆ ಕೊಳ್ಳುವ ಹೊತ್ತಿನಲ್ಲಿ ಇದನ್ನು ಅವರಿಗೆ ಯಾರೂ ಹೇಳಿರುವುದಿಲ್ಲ.

● ಟ್ರ್ಯಾಕ್ಟರ್ ಮಾರುವವರು ಬಿಡಿಭಾಗವನ್ನೂ ಇಟ್ಟಿರಲೇಬೇಕು ಎಂಬ ಕಾನೂನಿಗೆ ನೂರು ವರ್ಷ ದಾಟಿದೆ ಎಂಬುದು ಗೊತ್ತೇ? ಅಮೆರಿಕದ ನೆಬ್ರಾಸ್ಕಾ ರಾಜ್ಯದಲ್ಲಿ ವಿಲ್ಮಾಟ್ ಕ್ರೋಜಿಯರ್ ಎಂಬ ರೈತ ‘ಫೋರ್ಡ್’ ಎಂಬ ಟ್ರ್ಯಾಕ್ಟರ್ ಕೊಂಡ. ಹೆನ್ರಿ ಫೋರ್ಡ್‌ಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಮಿನಿಯಾಪೊಲಿಸ್‌ನ ಒಂದು ಕಂಪನಿ ಫೋರ್ಡ್ ಎಂಬ ಅಡ್ಡಹೆಸರಿನ ಒಬ್ಬನನ್ನು ಸೇರಿಸಿಕೊಂಡು ಆ ಹೆಸರಿನ ಮೇಲೆ ವ್ಯಾಪಾರ ನಡೆಸಿತ್ತು. ಆ ಗಾಡಿ ಕೈಕೊಟ್ಟಿತು. ಆಮೇಲೆ ಕೊಂಡ ‘ಬುಲ್’ ಕೂಡ ಹಾಗೇ ಆಯಿತು. ಮೂರನೆಯದಾಗಿ ಬಂದ ರೂಮ್ಲಿ ಮಾತ್ರ ಹೇಳಿದ್ದಕ್ಕಿಂತ ಹೆಚ್ಚೇ ದುಡಿಯಿತು. ಶಾಸನಸಭೆಗೆ ಆರಿಸಿಬಂದ ಕ್ರೋಜಿಯರ್ 1919ರಲ್ಲಿ ಕಾನೂನನ್ನೇ ಮಾಡಿಸಿದ. ರಾಜ್ಯದಲ್ಲಿ ಮಾರುವ ಪ್ರತಿ ಮಾದರಿಯನ್ನೂ ವಿಶ್ವವಿದ್ಯಾಲಯದ ಎಂಜಿನಿಯರುಗಳು ಪರೀಕ್ಷಿಸಬೇಕು, ಕಂಪನಿಯು ರಾಜ್ಯದೊಳಗೇ ಬಿಡಿಭಾಗ ತುಂಬಿದ ಸರ್ವಿಸ್ ಕೇಂದ್ರ ನಡೆಸಬೇಕು ಎಂದಿತು ಆ ಕಾನೂನು. 1920ರಲ್ಲಿ ನಡೆದ ಪರೀಕ್ಷೆ ಸಂಖ್ಯೆ 1ರಲ್ಲಿ ಓಡಿದ್ದು ‘ವಾಟರ್‌ಲೂ ಬಾಯ್’.

ಈಗ ಆ ಕಾನೂನಿನ ಹಿಡಿತ 100 ಎಚ್‌ಪಿ ಮತ್ತು ಅದಕ್ಕೂ ದೊಡ್ಡ ಟ್ರ್ಯಾಕ್ಟರುಗಳ ಮೇಲೆ ಮಾತ್ರ. 25 ಎಚ್‌ಪಿಯ ಸಣ್ಣ ಗಾಡಿ ಕೊಳ್ಳುವವರು ಡೀಲರ್‌ನನ್ನು ತಾವೇ ಪರೀಕ್ಷಿಸಿಕೊಳ್ಳಬೇಕು. ಕಾವಲು ಯಾರಿಗೆ ಹೆಚ್ಚು ಬೇಕಿತ್ತೋ ಅವರೇ ಬೇಲಿಯ ಹೊರಗೆ ಉಳಿದರು.

● ಅಮೆರಿಕದ್ದೇ ಒಂದು ತೀರ್ಪು ಕೇಳಿ. ಜಪಾನಿನಲ್ಲಿ ಬಳಸಿ ಬಿಟ್ಟ ಕುಬೋಟಾ ಟ್ರ್ಯಾಕ್ಟರುಗಳನ್ನು ಕೆಲವರು ಅಮೆರಿಕಕ್ಕೆ ತಂದು ಅಗ್ಗಕ್ಕೆ ಮಾರುತ್ತಿದ್ದರು. ಅಸಲಿ ಕುಬೋಟಾವೇ ಆದರೂ ಅಲ್ಲಿನ ವ್ಯಾಪಾರ ಆಯೋಗ 1997ರಲ್ಲಿ ಅದಕ್ಕೆ ತಡೆಹಾಕಿತು. 1999ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಎಚ್ಚರಿಕೆ ಫಲಕಗಳು ಇಂಗ್ಲಿಷಿನಲ್ಲಿಲ್ಲ, ಕೈಪಿಡಿ ಇಲ್ಲ, ಬಿಡಿಭಾಗ ಮತ್ತು ಸರ್ವಿಸ್ ಅಮೆರಿಕದ ಮಾದರಿಯಂತೆ ಸಿಗುವುದಿಲ್ಲ. ಹೀಗಾಗಿ ಹೆಸರು ಒಂದೇ ಇದ್ದರೂ ಸರಕು ಬೇರೆ ಎಂಬುದು ಅದರ ಸಾರ. ಸರ್ವಿಸ್ ಕೂಡ ಸರಕಿನ ಭಾಗವೇ ಎಂದು ಒಪ್ಪಿದ ಈ ತೀರ್ಪು ನನಗೆ ಬಹಳ ಹಿಡಿಸಿದೆ.

● ಚೀನಾದಿಂದ ಸಣ್ಣ ಟ್ರ್ಯಾಕ್ಟರ್ ಕಬ್ಬಿಣದ ಚೌಕಟ್ಟಿನೊಳಗೆ, ಚಕ್ರ ಕಳಚಿದ ಸ್ಥಿತಿಯಲ್ಲಿ ಹಡಗೇರುತ್ತಿತ್ತು. ಅದನ್ನು ಜೋಡಿಸುವುದು ಡೀಲರ್ ಕೆಲಸ. ಒಬ್ಬ ಚಕ್ರ ಸಿಕ್ಕಿಸಿ ಡೀಸೆಲ್ ಹಾಕಿ ಕೊಟ್ಟುಬಿಡುತ್ತಾನೆ. ಇನ್ನೊಬ್ಬ ಪ್ರತಿ ಬೋಲ್ಟನ್ನೂ ಟಾರ್ಕ್ ಸ್ಪ್ಯಾನರಿನಿಂದ ಬಿಗಿದು, ಎಂಜಿನ್ ಮತ್ತು ಗೇರ್‌ಬಾಕ್ಸಿನ ಎಣ್ಣೆ ಇಳಿಸಿ ತಟ್ಟೆಯ ತಳ ನೋಡುತ್ತಾನೆ. ಎರಕದ ಅಚ್ಚಿನಿಂದ ಉಳಿದ ಮರಳಿನ ಕಣ ಅಲ್ಲಿ ಬೆರಳಿಗೆ ತರಿತರಿಯಾಗಿ ಸಿಕ್ಕರೆ ಒಳಗೆಲ್ಲ ತೊಳೆದು ಹೊಸ ಎಣ್ಣೆ ತುಂಬುತ್ತಾನೆ. ಆ ಮರಳು ಒಳಗೇ ಉಳಿದರೆ ಬೇರಿಂಗು, ಪಂಪು ಎರಡನ್ನೂ ತಿನ್ನುತ್ತದೆ. ಗಾಡಿ ಒಂದೇ ಕಾರ್ಖಾನೆಯದು, ಆದರೆ ಇಬ್ಬರ ಕೈಯಿಂದ ಹೊರಬಂದಾಗ ಅದರ ಆಯುಷ್ಯ ಒಂದೇ ಆಗಿರುವುದಿಲ್ಲ. ಎರಡನೆಯವನು ಸ್ವಲ್ಪ ಹೆಚ್ಚು ದುಡ್ಡು ಕೇಳಿದರೆ ಕೊಡಿ.

● ಎಲ್ಲ ಬಿಡಿಭಾಗಕ್ಕೂ ಡೀಲರ್ ಬೇಕಿಲ್ಲ. ಬೇರಿಂಗಿನ ಮೇಲೆ 6205 ಎಂದು ಕೆತ್ತಿದ್ದರೆ ಅದು ಚೀನಾದಲ್ಲೂ ಚಿಕ್ಕಮಗಳೂರಿನಲ್ಲೂ ಒಂದೇ ಅಳತೆ: ಒಳಗೆ 25 ಮಿ.ಮೀ., ಹೊರಗೆ 52 ಮಿ.ಮೀ. ಆಯಿಲ್ ಸೀಲಿನ ಅಂಚಿನಲ್ಲಿ ಒಳ ಅಳತೆ, ಹೊರ ಅಳತೆ, ದಪ್ಪ ಮೂರೂ ಅಚ್ಚಾಗಿರುತ್ತವೆ. ಕಷ್ಟ ಬರುವುದು ಗೇರು, ಸಿಲಿಂಡರ್ ಹೆಡ್, ಹೌಸಿಂಗ್‌ನಂಥ ಎರಕದ ಭಾಗಗಳಿಗೆ. ಡೀಲರ್‌ನನ್ನು ಅಳೆಯಬೇಕಾದದ್ದು ಅವುಗಳಿಂದ.

● ಎಂಜಿನ್ ಶಕ್ತಿಯನ್ನು ಉಪಕರಣಕ್ಕೆ ದಾಟಿಸುವ ಪಿಟಿಒ ಶಾಫ್ಟಿನ ಹಲ್ಲು ಎಣಿಸಿ ನೋಡಿ. ಎಲ್ಲೆಡೆ ನಡೆಯುವುದು 35 ಮಿ.ಮೀ. ದಪ್ಪದ, 6 ಹಲ್ಲಿನದು, ನಿಮಿಷಕ್ಕೆ 540 ಸುತ್ತು. ಚೀನಾದ ಒಳಮಾರುಕಟ್ಟೆಗೆ ಮಾಡಿದ ಹಲವು ಗಾಡಿಗಳಲ್ಲಿ 8 ಹಲ್ಲು ಇರುತ್ತದೆ. ನಿಮ್ಮ ಬಳಿ ಇರುವ ರೋಟವೇಟರ್ ಅದಕ್ಕೆ ಕೂರುವುದಿಲ್ಲ.

● ಅಮೆರಿಕದಲ್ಲಿ 25 ಎಚ್‌ಪಿ ಆಸುಪಾಸಿನ ಟ್ರ್ಯಾಕ್ಟರುಗಳು ಅಷ್ಟೊಂದು ಏಕೆ? ಹೊಗೆ ನಿಯಮದ ಗಡಿ 19 ಕಿಲೋವ್ಯಾಟ್, ಅಂದರೆ ಸುಮಾರು 25 ಎಚ್‌ಪಿ. ಅದಕ್ಕಿಂತ ಕೆಳಗೆ ಕಿಲೋವ್ಯಾಟ್-ಗಂಟೆಗೆ 0.40 ಗ್ರಾಂ ಮಸಿಕಣಕ್ಕೆ ಅವಕಾಶವಿದೆ. ಗಡಿ ದಾಟಿದರೆ 2013ರಿಂದ 0.03 ಗ್ರಾಂ ಮಾತ್ರ. ಪ್ರಮಾಣಪತ್ರವಿಲ್ಲದ ಎಂಜಿನ್ ಆಮದು ಮಾಡುವುದು ಅಲ್ಲಿ ಅಪರಾಧ. ಎಂಜಿನ್ ಮೇಲೆ ಹೊಗೆ ಪ್ರಮಾಣದ ಲೇಬಲ್ ಇಲ್ಲದಿದ್ದರೆ ಡೀಲರ್ ಮಾತಿನ ಮೇಲೆ ನಂಬಿಕೆ ಇಡಬೇಡಿ.

● ಟ್ರ್ಯಾಕ್ಟರ್ ಮಗುಚಿದಾಗ ಚಾಲಕನನ್ನು ಕಾಯುವ ಕಬ್ಬಿಣದ ಕಮಾನನ್ನು ಮೊದಲು ಕಡ್ಡಾಯ ಮಾಡಿದ ದೇಶ ಸ್ವೀಡನ್, 1959ರಲ್ಲಿ. ಕಮಾನು ತೆಗೆದು ಬೆಲೆ ಇಳಿಸುತ್ತೇನೆ ಎನ್ನುವವನ ಅಂಗಡಿಯಿಂದ ಕೂಡಲೇ ಎದ್ದು ಬನ್ನಿ.

● ನಮ್ಮಲ್ಲಿ ಚೀನಾದ ಟ್ರ್ಯಾಕ್ಟರಿಗಿಂತ ಚೀನಾದ ಪವರ್ ಟಿಲ್ಲರ್ ಹೆಚ್ಚು ಪರಿಚಿತ. 2020ರ ಜುಲೈಯಲ್ಲಿ ಕೇಂದ್ರ ಸರ್ಕಾರ ಟಿಲ್ಲರ್ ಆಮದನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿತು. ಅನುಮತಿ ಬೇಕಾದರೆ ಕನಿಷ್ಠ 3 ವರ್ಷ ಈ ವ್ಯವಹಾರದಲ್ಲಿರಬೇಕು, ಹಿಂದಿನ 3 ವರ್ಷಗಳಲ್ಲಿ 100 ಟಿಲ್ಲರ್ ಮಾರಿರಬೇಕು, ಜೊತೆಗೆ ತರಬೇತಿ, ಮಾರಾಟದ ನಂತರದ ಸೇವೆ ಮತ್ತು ಬಿಡಿಭಾಗದ ವ್ಯವಸ್ಥೆ ಇದೆ ಎಂದು ತೋರಿಸಬೇಕು. ಒಳ್ಳೆಯ ಷರತ್ತುಗಳು. ಇವು ಬಂದರಿನಲ್ಲಷ್ಟೇ ಅಲ್ಲ, ತಾಲ್ಲೂಕು ಪೇಟೆಯ ಅಂಗಡಿಯಲ್ಲೂ ಜಾರಿಯಾಗಲಿ ಎಂಬುದು ನನ್ನ ಆಸೆ.

● ಟಿಲ್ಲರುಗಳನ್ನು ಸರ್ಕಾರಿ ಪರೀಕ್ಷೆಗೆ ಒಡ್ಡುವ ಸಂಸ್ಥೆ ನಮಗೆ ಹತ್ತಿರದಲ್ಲೇ ಇದೆ: ಆಂಧ್ರದ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿ. ಟ್ರ್ಯಾಕ್ಟರುಗಳಿಗೆ ಮಧ್ಯಪ್ರದೇಶದ ಬುಧ್ನಿ. ನೀವು ಕೊಳ್ಳುವ ಮಾದರಿಯ ಪರೀಕ್ಷಾ ವರದಿಯ ಪ್ರತಿಯನ್ನು ಡೀಲರ್ ಬಳಿ ಕೇಳಿ.

● ಮುಂಗಡ ಕೊಡುವ ಮುನ್ನ ಇಷ್ಟು ಮಾಡಿ. ಕ್ಲಚ್ ಪ್ಲೇಟ್, ಹೆಡ್ ಗ್ಯಾಸ್ಕೆಟ್, ಇಂಜೆಕ್ಟರ್ ನಾಜಲ್, ಈ ಮೂರನ್ನೂ ಕಪಾಟಿನಿಂದ ತೆಗೆದು ಮೇಜಿನ ಮೇಲಿಡಲು ಹೇಳಿ. ‘ತರಿಸಿಕೊಡುತ್ತೇವೆ’ ಎಂದರೆ ಎಲ್ಲಿಂದ, ಎಷ್ಟು ದಿನದಲ್ಲಿ ಎಂದು ಬಿಲ್ಲಿನ ಮೇಲೇ ಬರೆಸಿಕೊಳ್ಳಿ. ಎರಡು ವರ್ಷದ ಹಿಂದೆ ಅದೇ ಗಾಡಿ ಕೊಂಡ ಇಬ್ಬರು ರೈತರ ಊರು ಕೇಳಿ, ಹೋಗಿ ಮಾತಾಡಿಸಿ ಬನ್ನಿ. ಇದಕ್ಕೆಲ್ಲ ಬೇಸರಪಡುವ ಡೀಲರ್ ಕೈಗೆ ನಿಮ್ಮ ದುಡ್ಡು ಕೊಡಬೇಡಿ.